ಪುಸ್ತಕದಲ್ಲಿ ಕೆ.ಜಿ., ಬಂಕಿನಲ್ಲಿ ಲೀಟರ್: ಪೆಟ್ರೋಲ್ ಲೆಕ್ಕಕ್ಕೆ ಯಾವ ದಾರಿ ನಿಮಗೆ ಸರಿ?

ತುರುವೇಕೆರೆ ಕಡೆಯ ಒಂದು ಹಳ್ಳಿಯಲ್ಲಿ ಆ ರಾತ್ರಿ ಮೂಡಲಪಾಯ ಯಕ್ಷಗಾನ ಇತ್ತು. ಲೈಟು, ಮೈಕಿಗೆ ಜನರೇಟರ್ ನಮ್ಮದು. ಎಂಜಿನ್ ಜೊತೆ ಬಂದ ಪುಸ್ತಕದಲ್ಲಿ ಪೆಟ್ರೋಲ್ ಖರ್ಚು ಒಂದು ಕಿಲೋವ್ಯಾಟ್‌ಗೆ, ಒಂದು ಗಂಟೆಗೆ 350 ಗ್ರಾಂ ಅಂತ ಇತ್ತು. ಎಂಜಿನ್ ಮೇಲಿನ ಹೊರೆ 3 ಕಿಲೋವ್ಯಾಟ್. ಅಂದರೆ ಗಂಟೆಗೆ 1,050 ಗ್ರಾಂ. ರಾತ್ರಿ 8.30ರಿಂದ ಬೆಳಿಗ್ಗೆ 6.30ರವರೆಗೆ 10 ಗಂಟೆ. ಒಟ್ಟು ಹತ್ತೂವರೆ ಕೆ.ಜಿ. ಆಯ್ತು ಅಂತ ಹತ್ತೂವರೆ ಲೀಟರ್ ಹಾಕಿಸಿಕೊಂಡು ಹೋದೆ.

ಬೆಳಗಿನ ಜಾವ 4 ಗಂಟೆಗೆ ಇನ್ನೂ ಹತ್ತು ನಿಮಿಷ ಇತ್ತು. ಎಂಜಿನ್ ಎರಡು ಸಲ ಕೆಮ್ಮಿತು, ನಿಂತಿತು. ಕುಣಿಯುತ್ತಿದ್ದ ವೇಷಧಾರಿ ಕತ್ತಲಲ್ಲಿ ಎತ್ತಿದ ಕಾಲು ಹಾಗೇ ಇಳಿಸಿದರು. ಭಾಗವತರು ಮಾತ್ರ ಪದ ಬಿಡಲಿಲ್ಲ. ಯಾರೋ ಬೈಕಿನ ಹೆಡ್‌ಲೈಟ್ ಹಾಕಿದರು, ಆ ಬೆಳಕಲ್ಲೇ ಆಟ ಮುಂದುವರಿಯಿತು. ತಿಂಗಳುಗಟ್ಟಲೆ ಅಭ್ಯಾಸ ಮಾಡಿದವರ ಆಟ ಅದು. ನನ್ನ ಒಂದು ಭಾಗಾಕಾರ ತಪ್ಪಿದ್ದಕ್ಕೆ ಅವರಿಗೆ ಹಾಗಾಯಿತಲ್ಲ ಅನ್ನೋದು ಇವತ್ತಿಗೂ ಮನಸ್ಸಲ್ಲಿದೆ.

ತುಮಕೂರಿನಲ್ಲಿ ಸಣ್ಣ ಎಂಜಿನ್‌ಗಳ ರಿಪೇರಿ, ಬಾಡಿಗೆ ಕೆಲಸ ನನ್ನದು. ಕೋಲಾರ, ಚಿಕ್ಕಬಳ್ಳಾಪುರದಿಂದಲೂ ಫೋನ್ ಬರುತ್ತದೆ. ದ್ರಾಕ್ಷಿ ತೋಟಕ್ಕೆ ಸ್ಪ್ರೇಯರ್ ಕೊಳ್ಳುವವರು ಎರಡು ಕ್ಯಾಟಲಾಗ್ ಹಿಡಿದು ಕೇಳುತ್ತಾರೆ: ಒಂದರಲ್ಲಿ ಗಂಟೆಗೆ ಲೀಟರ್, ಇನ್ನೊಂದರಲ್ಲಿ ಗ್ರಾಂ, ಯಾವುದು ಕಮ್ಮಿ ಕುಡಿಯುತ್ತೆ? ಡಿಪ್ಲೊಮಾ ಹುಡುಗರು ಪ್ರಾಜೆಕ್ಟ್‌ಗೆ ಕೇಳುತ್ತಾರೆ: ಸಾಂದ್ರತೆ ಎಷ್ಟು ಹಿಡಿಯೋದು ಸರ್, ಒಂದೊಂದು ಕಡೆ ಒಂದೊಂದು ಇದೆ. ಈ ಕೊನೆಯ ಪ್ರಶ್ನೆಯಲ್ಲೇ ಎಲ್ಲ ವಿಷಯ ಇದೆ.

ಮೊದಲು ಒಂದು ಮಾತು. ನಮ್ಮ ಸಂತೆಯಲ್ಲಿ ಪುರಿಯನ್ನು ಇವತ್ತಿಗೂ ಸೇರಿನಲ್ಲಿ ಅಳೆದು ಕೊಡುತ್ತಾರೆ. ಅದೇ ಸೇರಿನಲ್ಲಿ ರಾಗಿ ತುಂಬಿ ಎತ್ತಿ ನೋಡಿ. ಸೇರು ಒಂದೇ, ತೂಕ ಎಲ್ಲಿಗೆಲ್ಲಿಗೆ! ಲೀಟರ್ ಅನ್ನೋದು ಸೇರಿದ್ದ ಹಾಗೆ, ಕೆ.ಜಿ. ಅನ್ನೋದು ತಕ್ಕಡಿ. ನೀರಿಗೆ ಮಾತ್ರ ಒಂದು ಲೀಟರ್ ಹೆಚ್ಚುಕಮ್ಮಿ ಒಂದು ಕೆ.ಜಿ. ಪೆಟ್ರೋಲ್ ಹಗುರ, ಒಂದು ಲೀಟರ್ ಮುಕ್ಕಾಲು ಕೆ.ಜಿ. ಕೂಡ ಮುಟ್ಟದೆ ಇರಬಹುದು. ಒಂದು ಲೀಟರಿನ ತೂಕ ಎಷ್ಟು ಅನ್ನೋದೇ ಸಾಂದ್ರತೆ, ಬಂಕಿನವರ ಬಾಯಲ್ಲಿ ಡೆನ್ಸಿಟಿ. ಗಂಟೆಗೆ ಇಷ್ಟು ಕೆ.ಜಿ. ಅನ್ನೋದನ್ನ ಈ ಅಂಕಿಯಿಂದ ಭಾಗಿಸಿದರೆ ಗಂಟೆಗೆ ಇಷ್ಟು ಲೀಟರ್ ಬರುತ್ತದೆ. ಲೆಕ್ಕ ಇಷ್ಟೇ. ಯಾವ ಅಂಕಿಯಿಂದ ಭಾಗಿಸಬೇಕು ಅನ್ನೋದರಲ್ಲೇ ಆಯ್ಕೆ ಇರೋದು.

ದಾರಿ ಆರಿಸುವ ಮೊದಲು ಕೆಲವು ವಿಷಯ ನಿಮ್ಮಷ್ಟಕ್ಕೆ ನೀವು ಕೇಳಿಕೊಳ್ಳಿ. ನೂರಕ್ಕೆ ಎಷ್ಟು ತಪ್ಪಿದರೆ ನಿಮಗೆ ನಷ್ಟ? ಕ್ಯಾನಿನಲ್ಲಿ ಹೆಚ್ಚಿಗೆ ಒಂದು ಲೀಟರ್ ಒಯ್ಯುವವರಿಗೆ ನೂರಕ್ಕೆ 5 ತಪ್ಪಿದರೂ ಏನೂ ಆಗಲ್ಲ. ಟ್ಯಾಂಕರ್ ಲೆಕ್ಕ ಬರೆಯುವವರಿಗೆ ನೂರಕ್ಕೆ ಅರ್ಧ ತಪ್ಪಿದರೂ ದುಡ್ಡು. ಇನ್ನೊಂದು, ನಿಮ್ಮ ಮೂಲ ಅಂಕಿಯೇ ಎಷ್ಟು ನಂಬಿಕೆಯದು? ಹೊರೆಯನ್ನು ಅಂದಾಜಿನಲ್ಲಿ ಹೇಳಿದ್ದರೆ ಸಾಂದ್ರತೆಯನ್ನು ಮೂರು ದಶಮಾಂಶಕ್ಕೆ ತೆಗೆಯೋದು ಸುಮ್ನೆ ಶ್ರಮ. ಆಮೇಲೆ ಖರ್ಚು, ಸಮಯ. ಕೊನೆಯದು ಅಪಾಯ: ಕೆಲವು ದಾರಿಗಳಲ್ಲಿ ಪೆಟ್ರೋಲನ್ನು ತೆರೆದ ಪಾತ್ರೆಗೆ ಸುರಿಯಬೇಕಾಗುತ್ತದೆ.

ಮೊದಲ ದಾರಿ, ಒಂದೇ ಅಂಕಿ ಹಿಡಿದುಬಿಡುವುದು. ಖರ್ಚಿಲ್ಲ, ಐದು ಸೆಕೆಂಡಿನ ಕೆಲಸ. ಆದರೆ ಯಾವ ಅಂಕಿ? ನಮ್ಮ ದೇಶದ ಮಾನದಂಡದ ಪ್ರಕಾರ ಪೆಟ್ರೋಲ್ ಸಾಂದ್ರತೆ 15 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರಿಗೆ 720ರಿಂದ 775 ಕೆ.ಜಿ. ಒಳಗೆ ಇರಬೇಕು. ಲೀಟರಿಗೆ ಅಂದರೆ 720ರಿಂದ 775 ಗ್ರಾಂ. ಎರಡು ತುದಿಗೂ ನೂರಕ್ಕೆ 7ಕ್ಕಿಂತ ಜಾಸ್ತಿ ಅಂತರ. ಅದಕ್ಕೇ ಒಬ್ಬೊಬ್ಬರು ಒಂದೊಂದು ಹೇಳೋದು, ಯಾರೂ ಸುಳ್ಳು ಹೇಳುತ್ತಿಲ್ಲ. ಹಳೆಯ ಪುಸ್ತಕಗಳಲ್ಲಿ 0.72 ಅಂತ ಸಿಗುತ್ತದೆ. ಈಗ ಬಂಕಿನಲ್ಲಿ ಸಿಗುವುದು ನೂರಕ್ಕೆ 20 ಎಥನಾಲ್ ಬೆರೆಸಿದ ಪೆಟ್ರೋಲ್. ಎಥನಾಲ್ ಲೀಟರಿಗೆ ಸುಮಾರು 790 ಗ್ರಾಂ ತೂಗುತ್ತದೆ, ಬೆರೆತಾಗ ತೂಕ ಸ್ವಲ್ಪ ಏರುತ್ತದೆ. ಹಾಗಾಗಿ 0.72 ಈಗ ತೀರಾ ಕಮ್ಮಿ ಅನ್ನೋದು ನನ್ನ ಅಭಿಪ್ರಾಯ.

ಇನ್ನೊಂದು ಕಡೆ, ಆ ಮಾನದಂಡ ಇರೋದು 15 ಡಿಗ್ರಿಗೆ. ನಮ್ಮೂರಲ್ಲಿ 15 ಡಿಗ್ರಿ ಸಿಗಬೇಕಾದರೆ ಚಳಿಗಾಲದ ಮುಂಜಾನೆ ನಂದಿ ಬೆಟ್ಟ ಹತ್ತಬೇಕು. ಬಿಸಿಯಾದರೆ ಪೆಟ್ರೋಲ್ ಹಿಗ್ಗುತ್ತದೆ, ಅದೇ ಲೀಟರಿನ ತೂಕ ಕಮ್ಮಿಯಾಗುತ್ತದೆ. ಒಂದು ಡಿಗ್ರಿ ಏರಿದರೆ ಲೀಟರಿಗೆ ಸುಮಾರು 0.9 ಗ್ರಾಂ ಇಳಿಯುತ್ತದೆ. 15 ಡಿಗ್ರಿಯಲ್ಲಿ 745 ಇದ್ದದ್ದು 26 ಡಿಗ್ರಿಯಲ್ಲಿ 735. ಅದಕ್ಕೇ ನಾನು ಹಿಡಿಯುವ ಅಂಕಿ 0.735. ನಮ್ಮ ಮೂರೂ ಜಿಲ್ಲೆಯ ಸಾಮಾನ್ಯ ದಿನಕ್ಕೆ ಇದು ಹೊಂದುತ್ತದೆ. ಬಂಕಿನ ಪೆಟ್ರೋಲ್ ಮಾನದಂಡದ ಒಂದು ತುದಿಯಲ್ಲೇ ಇದ್ದರೂ ಮೂರ್ನಾಲ್ಕು ಪರ್ಸೆಂಟ್, ಹೆಚ್ಚೆಂದರೆ ಐದು ಪರ್ಸೆಂಟ್ ತಪ್ಪಬಹುದು.

0.735ಕ್ಕೆ ಒಂದು ಕೆ.ಜಿ. ಅಂದರೆ 1.36 ಲೀಟರ್. ಗಂಟೆಗೆ ಒಂದು ಕೆ.ಜಿ. ಅಂದರೆ ನಿಮಿಷಕ್ಕೆ ಹೆಚ್ಚುಕಮ್ಮಿ 22.7 ಮಿಲಿಲೀಟರ್. ಸೆಕೆಂಡಿಗೆ ಒಂದು ಗ್ರಾಂ ಅಂದರೆ ಗಂಟೆಗೆ 3.6 ಕೆ.ಜಿ., ಅದು 4.9 ಲೀಟರ್. ಕಾಗದ ಇಲ್ಲದಾಗ ಕೆ.ಜಿ.ಗೆ ಅದರ ಮೂರನೇ ಒಂದು ಭಾಗ ಸೇರಿಸಿ, ಮೇಲೊಂದಿಷ್ಟು ಹಾಕಿಕೊಳ್ಳಿ. ಮೂಡಲಪಾಯದ ರಾತ್ರಿಯ ಲೆಕ್ಕ ಈಗ ಮಾಡಿದರೆ 1,050 ಗ್ರಾಂ ಅಂದರೆ 1.43 ಲೀಟರ್, ಹತ್ತು ಗಂಟೆಗೆ 14.3. ನಾನು ಒಯ್ದದ್ದು 10.5.

ಎರಡು ಯಂತ್ರ ಹೋಲಿಸುವವರಿಗೆ ಈ ದಾರಿ ಧಾರಾಳ ಸಾಕು. ಒಂದು ಕಳೆ ಕತ್ತರಿಸುವ ಯಂತ್ರದ ಕ್ಯಾಟಲಾಗಿನಲ್ಲಿ ಕಿಲೋವ್ಯಾಟ್ ಗಂಟೆಗೆ 540 ಗ್ರಾಂ ಅಂತಿದೆ, ಶಕ್ತಿ 1 ಕಿಲೋವ್ಯಾಟ್ ಅಂದುಕೊಳ್ಳಿ. ಪೂರ್ತಿ ಹೊರೆಯಲ್ಲಿ ಗಂಟೆಗೆ 540 ಗ್ರಾಂ, ಅಂದರೆ 0.73 ಲೀಟರ್. ಪಕ್ಕದ ಯಂತ್ರ ಗಂಟೆಗೆ 0.9 ಲೀಟರ್ ಅನ್ನುತ್ತಿದ್ದರೆ ವ್ಯತ್ಯಾಸ ನಿಜ. 0.75 ಅನ್ನುತ್ತಿದ್ದರೆ ಎರಡೂ ಒಂದೇ ಅಂತ ತಿಳಿಯಿರಿ, ಆಗ ಸ್ಪೇರ್ ಎಲ್ಲಿ ಸಿಗುತ್ತೆ, ಹೆಗಲಿಗೆ ಎಷ್ಟು ಭಾರ ಅಂತ ನೋಡಿ ಕೊಳ್ಳಿ. ಟೂ ಸ್ಟ್ರೋಕ್ ಎಂಜಿನ್ನಿಗೆ ಆಯಿಲ್ ಬೆರೆಸುತ್ತೀವಲ್ಲ, ಲೆಕ್ಕ ಬದಲಾಗಲ್ವಾ ಅಂತ ಶ್ರೀನಿವಾಸಪುರ ಕಡೆಯ ಮಾವಿನ ತೋಟದವರೊಬ್ಬರು ಕೇಳಿದ್ದರು. ಒಳ್ಳೆಯ ಪ್ರಶ್ನೆ. ಲೀಟರಿಗೆ 40 ಮಿಲಿ ಆಯಿಲ್ ಹಾಕಿದರೆ ಲೀಟರಿನ ತೂಕ ಐದಾರು ಗ್ರಾಂ ಏರುತ್ತದೆ, ಒಂದು ಪರ್ಸೆಂಟ್ ಕೂಡ ಇಲ್ಲ. ಬಿಟ್ಟುಬಿಡಿ.

ಎರಡನೆಯ ದಾರಿ, ಬಂಕಿನ ಡೆನ್ಸಿಟಿ ತೆಗೆದುಕೊಳ್ಳುವುದು. ಇದು ನನಗೆ ತುಂಬಾ ಇಷ್ಟವಾದದ್ದು, ಬಹಳ ಜನ ಇದನ್ನು ಉಪಯೋಗಿಸುವುದೇ ಇಲ್ಲ. ಪೆಟ್ರೋಲ್ ಹಾಕುವ ಯಂತ್ರದ ಮೇಲೆ ದರದ ಹತ್ತಿರವೇ ಡೆನ್ಸಿಟಿ ಕಾಣುತ್ತದೆ, ಎಷ್ಟೋ ಬಂಕುಗಳ ರಸೀದಿಯಲ್ಲೂ ಅಚ್ಚಾಗಿರುತ್ತದೆ. ಪುಕ್ಕಟೆ. ನೀವು ಕೊಂಡ ಪೆಟ್ರೋಲಿನದೇ ಅಂಕಿ, ಪುಸ್ತಕದ್ದಲ್ಲ. ಟ್ಯಾಂಕರ್ ಇಳಿಸುವಾಗ ಚಲನ್‌ನಲ್ಲಿರುವ ಡೆನ್ಸಿಟಿಗೂ ಬಂಕಿನಲ್ಲಿ ಅಳೆದದ್ದಕ್ಕೂ ಘನ ಮೀಟರಿಗೆ 3 ಕೆ.ಜಿ.ಗಿಂತ ಜಾಸ್ತಿ ವ್ಯತ್ಯಾಸ ಬರಬಾರದು ಅಂತ ನಿಯಮವೇ ಇದೆ. ಅನುಮಾನ ಬಂದರೆ ಹೈಡ್ರೋಮೀಟರ್ (ತೇಲಿಸಿ ಸಾಂದ್ರತೆ ಓದುವ ಗಾಜಿನ ಕಡ್ಡಿ), ಥರ್ಮಾಮೀಟರ್, ಜಾರ್ ತರಿಸಿ ನಮ್ಮ ಎದುರೇ ಅಳೆದು ತೋರಿಸಿ ಅಂತ ಗ್ರಾಹಕರು ಕೇಳಬಹುದು. ಅದು ನಿಮ್ಮ ಹಕ್ಕು, ಜಗಳ ಅಲ್ಲ.

ಇಲ್ಲಿ ಒಂದು ಎಡವಟ್ಟು ಇದೆ. ಆ ಅಂಕಿ ಸಾಮಾನ್ಯವಾಗಿ 15 ಡಿಗ್ರಿಗೆ ತಂದ ಅಂಕಿ. ನಿಮ್ಮ ಕ್ಯಾನಿನಲ್ಲಿರುವ ಪೆಟ್ರೋಲ್ 33 ಡಿಗ್ರಿ ಇದ್ದರೆ 745 ಅಂತ ಬರೆದದ್ದು ನಿಜವಾಗಿ 729ರ ಹತ್ತಿರ ಇರುತ್ತದೆ. 18 ಡಿಗ್ರಿ ವ್ಯತ್ಯಾಸ, 0.9ರಿಂದ ಗುಣಿಸಿ, 16 ಕಳೆಯಿರಿ. ಕಳೆಯದೆ ಹಾಗೇ ಭಾಗಿಸಿದರೆ ಲೀಟರ್ ಲೆಕ್ಕ ನಿಜಕ್ಕಿಂತ ನೂರಕ್ಕೆ ಎರಡರಷ್ಟು ಕಮ್ಮಿ ಬರುತ್ತದೆ. ಅಂದರೆ ಬಂಕಿನ ಅಂಕಿಯನ್ನು ತಿದ್ದದೆ ಬಳಸುವವರಿಗೆ ಸುಮ್ನೆ 0.735 ಹಿಡಿದವರಿಗಿಂತ ಹೆಚ್ಚು ಲಾಭ ಏನೂ ಇಲ್ಲದೆ ಇರಬಹುದು. ತಿದ್ದಿ ಬಳಸುವವರಿಗೆ ಮಾತ್ರ ಇದು ಚೆನ್ನಾದ ದಾರಿ, ಅರ್ಧ ಪರ್ಸೆಂಟ್ ಸುತ್ತ ನಿಲ್ಲುತ್ತದೆ. ಬೇಕಾದ್ದು ಒಂದು ಥರ್ಮಾಮೀಟರ್. ಗಾಳಿಯ ಬಿಸಿ ಅಲ್ಲ, ಪೆಟ್ರೋಲಿನ ಬಿಸಿ ನೋಡಬೇಕು. ನೆಲದಡಿಯ ಟ್ಯಾಂಕಿನಿಂದ ಆಗಷ್ಟೇ ಬಂದದ್ದು ಹೊರಗಿನ ಬಿಸಿಲಿನಷ್ಟು ಬಿಸಿ ಇರಲ್ಲ.

ಈ ತಿದ್ದುಪಡಿ ಯಾರಿಗೆ ಬೇಕು? ಪಾವಗಡದಲ್ಲಿ ಏಪ್ರಿಲ್ ಮಧ್ಯಾಹ್ನ ಪೆಟ್ರೋಲ್ 38 ಡಿಗ್ರಿಗೆ ಬಂದಿದೆ ಅಂದುಕೊಳ್ಳಿ. ಅದೇ ಜನರೇಟರ್, ಅದೇ ಹೊರೆ, ಗಂಟೆಗೆ 1.45 ಲೀಟರ್. ನಂದಿ ಬೆಟ್ಟದ ತಂಪಿನಲ್ಲಿ 15 ಡಿಗ್ರಿಗೆ 1.41. ಹತ್ತು ಗಂಟೆಗೆ ವ್ಯತ್ಯಾಸ ಅರ್ಧ ಲೀಟರಿಗಿಂತ ಕಮ್ಮಿ. ಎಂಜಿನ್ ಸುಡುವ ತೂಕ ಅಷ್ಟೇ, ಬಿಸಿ ಪೆಟ್ರೋಲ್ ಜಾಗ ಜಾಸ್ತಿ ಹಿಡಿಯುತ್ತದೆ ಅಷ್ಟೆ. ಬಾಡಿಗೆಯವರಿಗೆ, ರೈತರಿಗೆ ಇದರ ಗೊಡವೆ ಬೇಡ. ಆದರೆ ದೇವನಗೊಂದಿ ಡಿಪೋದಿಂದ ಟ್ಯಾಂಕರ್ ತರಿಸುವ ಬಂಕಿನವರಿಗೆ ಇದೇ ಜೀವಾಳ. 12,000 ಲೀಟರ್ ಪೆಟ್ರೋಲ್ 5 ಡಿಗ್ರಿ ಬಿಸಿಯಾದರೆ 70 ಲೀಟರಿಗೂ ಹೆಚ್ಚು ಹಿಗ್ಗುತ್ತದೆ, ತಣ್ಣಗಾದರೆ ಅಷ್ಟೇ ಕುಗ್ಗುತ್ತದೆ. ಕದ್ದವರು ಯಾರೂ ಇಲ್ಲದೆ ಲೆಕ್ಕ ತಪ್ಪುತ್ತದೆ. ಅವರು 0.9ರ ಈ ಅಡ್ಡದಾರಿ ಹಿಡಿಯದೆ ಬಂಕಿನಲ್ಲಿ ಇಟ್ಟಿರಲೇಬೇಕಾದ ತಿದ್ದುಪಡಿ ಕೋಷ್ಟಕವನ್ನೇ ನೋಡಬೇಕು.

ಮೂರನೆಯ ದಾರಿ, ನೀವೇ ತೂಗುವುದು. ಇದನ್ನು ಒಮ್ಮೆಯಾದರೂ ಮಾಡಿ ನೋಡಿದರೆ ಲೆಕ್ಕ ಮನಸ್ಸಿಗೆ ಇಳಿಯುತ್ತದೆ. ಒಂದು ಮುಂಜಾನೆ, ಬಿಸಿಲು ಏರುವ ಮೊದಲು, ಶೆಡ್ಡಿನ ಹೊರಗೆ ಕಲ್ಲುಚಪ್ಪಡಿ ಮೇಲೆ ಮಾಡಿದೆ. 500 ಮಿಲಿಯ ಗಾಜಿನ ಅಳತೆ ಜಾರ್, ಒಂದು ಗ್ರಾಂ ತೋರಿಸುವ ಅಡುಗೆಮನೆ ತಕ್ಕಡಿ. ಖಾಲಿ ಜಾರ್ 312 ಗ್ರಾಂ. ಪೆಟ್ರೋಲ್ ಸುರಿಯುವಾಗ ಕೊನೆಯ ಹನಿಗಳನ್ನು ಡ್ರಾಪರ್‌ನಲ್ಲಿ ಬಿಟ್ಟೆ. ಗಾಜಿನ ಅಂಚಿನಲ್ಲಿ ಪೆಟ್ರೋಲ್ ಸ್ವಲ್ಪ ಮೇಲೆ ಹತ್ತಿರುತ್ತದೆ, ಅದನ್ನು ನೋಡಬಾರದು. ಮೊಣಕಾಲೂರಿ, ಕಣ್ಣನ್ನು ಗೆರೆಯ ಮಟ್ಟಕ್ಕೆ ತಂದು, ನಡುವಿನ ತಗ್ಗಿನ ತಳ ಗೆರೆಗೆ ಕೂತಿದೆಯಾ ಅಂತ ನೋಡಬೇಕು. ತೂಗಿದಾಗ 680. ಒಳಗಿದ್ದದ್ದು 368 ಗ್ರಾಂ, ಎರಡರಿಂದ ಗುಣಿಸಿದರೆ ಲೀಟರಿಗೆ 736. ಥರ್ಮಾಮೀಟರ್ 25 ಡಿಗ್ರಿ ತೋರಿಸುತ್ತಿತ್ತು. ಹಿಂದಿನ ಸಂಜೆಯ ರಸೀದಿಯಲ್ಲಿ 745. ಹತ್ತು ಡಿಗ್ರಿಗೆ 9 ಕಳೆದರೆ 736! ಆ ಕ್ಷಣದ ಖುಷಿ ಹೇಳೋಕಾಗಲ್ಲ.

ಪ್ರತಿ ಸಲ ಹೀಗೆ ಹೊಂದುತ್ತೆ ಅಂತಲ್ಲ. ತಕ್ಕಡಿ ಒಂದು ಗ್ರಾಂ ತಪ್ಪಿದರೆ ಉತ್ತರ 2 ಗ್ರಾಂ ತಪ್ಪುತ್ತದೆ, ಅದು ಸಣ್ಣದು. ಕಣ್ಣು 5 ಮಿಲಿ ಗೆರೆ ತಪ್ಪಿ ಓದಿದರೆ ಒಂದು ಪರ್ಸೆಂಟ್ ಹೋಯಿತು. ಮೂರು ಸಲ ಮಾಡಿ ಸರಾಸರಿ ತೆಗೆಯಿರಿ. ಅಪಾಯ ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಪೆಟ್ರೋಲ್ ಆವಿ ಸೊನ್ನೆಗಿಂತ 40 ಡಿಗ್ರಿ ಕೆಳಗಿದ್ದರೂ ಕಿಡಿಗೆ ಹತ್ತಿಕೊಳ್ಳುತ್ತದೆ, ಗಾಳಿಗಿಂತ ಭಾರ, ನೆಲದ ಮೇಲೆ ಹರಿದು ದೂರ ಹೋಗುತ್ತದೆ. ಮನೆಯೊಳಗೆ ಬೇಡವೇ ಬೇಡ. ತಕ್ಕಡಿ ಆನ್ ಮಾಡಿದ ಮೇಲೆ ಪೆಟ್ರೋಲ್ ಹತ್ತಿರ ತನ್ನಿ, ಕ್ಯಾನ್ ದೂರ ಒಯ್ದು ಮುಚ್ಚಿದ ಮೇಲೆ ಆಫ್ ಮಾಡಿ. ನೀರಿನ ಪ್ಲಾಸ್ಟಿಕ್ ಬಾಟಲಿ ಬೇಡ. ಆ ತಕ್ಕಡಿ ಮತ್ತೆ ಅಡುಗೆಮನೆಗೂ ಬೇಡ.

ಹೈಡ್ರೋಮೀಟರ್ ಕೊಂಡರೆ ತೂಗುವ ಕೆಲಸ ಇಲ್ಲ, ಕಡ್ಡಿ ತೇಲಿಸಿ ಓದಿದರೆ ಮುಗಿಯಿತು. ಆದರೆ ಪೆಟ್ರೋಲಿಯಂಗೆ ಬಳಸುವ ಕಡ್ಡಿಗಳು ಸಾಮಾನ್ಯವಾಗಿ 50 ಅಂಕಿಯಷ್ಟೇ ಹರವು ಇರುವಂಥವು: 700ರಿಂದ 750 ಒಂದು, 750ರಿಂದ 800 ಇನ್ನೊಂದು. ನಮ್ಮ ಪೆಟ್ರೋಲ್ ಈ ಗಡಿಯ ಎರಡೂ ಕಡೆ ಓಡಾಡುವುದರಿಂದ ಎರಡೂ ಬೇಕಾಗುತ್ತದೆ. ವಾರಕ್ಕೊಮ್ಮೆ ಅಳೆಯುವ ಕಾಲೇಜು ಲ್ಯಾಬ್‌ಗೆ, ಫ್ಲೀಟ್ ಇಟ್ಟವರಿಗೆ ಸರಿ. ವರ್ಷಕ್ಕೊಮ್ಮೆ ಬಳಸುವವರಿಗೆ ಬೇಡ, ಗಾಜಿನದು, ಒಡೆಯುತ್ತದೆ.

ಡಿಪ್ಲೊಮಾ ಹುಡುಗರಿಗೆ ಇಲ್ಲೇ ಒಂದು ಮಾತು. ನಿಮ್ಮ ಲ್ಯಾಬಿನಲ್ಲಿ ಲೆಕ್ಕ ತಿರುಗುಮುರುಗು. ಬ್ಯುರೆಟ್‌ನಲ್ಲಿ, ಅಂದರೆ ಗೆರೆ ಹಾಕಿದ ಗಾಜಿನ ಕೊಳವೆಯಲ್ಲಿ, 20 ಸಿಸಿ (ಅಂದರೆ 20 ಮಿಲಿ) ಇಳಿಯಲು 50 ಸೆಕೆಂಡ್ ಬಂದರೆ ಗಂಟೆಗೆ 1.44 ಲೀಟರ್. ಅದನ್ನು ಸಾಂದ್ರತೆಯಿಂದ ಗುಣಿಸಿ ಕೆ.ಜಿ. ಮಾಡುತ್ತೀರಿ. ಮ್ಯಾನ್ಯುವಲ್‌ನಲ್ಲಿ 0.74 ಅಂತ ಇದೆ ಅಂತ ಹಾಕಿಬಿಡಬೇಡಿ. ಆ ದಿನ ಬ್ಯುರೆಟ್‌ಗೆ ಸುರಿದ ಪೆಟ್ರೋಲನ್ನೇ ಅಳೆದು, ಬಿಸಿ ಎಷ್ಟಿತ್ತು ಅಂತ ಪಕ್ಕದಲ್ಲಿ ಬರೆಯಿರಿ. ವೈವಾದಲ್ಲಿ ಈ ಒಂದು ಸಾಲು ನಿಮ್ಮನ್ನು ಕಾಯುತ್ತದೆ.

ಇನ್ನು ಫೋನಿನ ದಾರಿ. ಪರಿವರ್ತನೆ ಮಾಡಿಕೊಡುವ ತಾಣ, ಆ್ಯಪ್ ಬೇಕಾದಷ್ಟಿವೆ. ಒಳಗೆ ಯಾವ ಸಾಂದ್ರತೆ ಹಾಕಿದ್ದಾರೆ ಅಂತ ತೋರಿಸದಿದ್ದರೆ ಬಿಟ್ಟುಬಿಡಿ. ಬೈಕ್ ಟ್ಯೂನ್ ಮಾಡುವ ಹುಡುಗರಲ್ಲಿ ಒಂದು ಸೂತ್ರ ಓಡಾಡುತ್ತದೆ: ಎಂಜಿನ್ನಿಗೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಗಂಟೆಗೆ ಇಷ್ಟು ಪೌಂಡ್ ಅಂದರೆ 10.5ರಿಂದ ಗುಣಿಸಿ, ನಿಮಿಷಕ್ಕೆ ಅಷ್ಟು ಸಿಸಿ. ಆ 10.5ರ ಹೊಟ್ಟೆಯಲ್ಲಿ 0.72 ಅಡಗಿ ಕೂತಿದೆ. 0.735ಕ್ಕೆ ಅದು 10.3. ಗ್ಯಾಲನ್ ಬಂದರೆ ಅಮೆರಿಕದ್ದಾ ಬ್ರಿಟನ್ನಿನದಾ ನೋಡಿ, ಒಂದು 3.785 ಲೀಟರ್, ಇನ್ನೊಂದು 4.546.

ಕಾರಿಗೆ ಓಬಿಡಿ ಕಡ್ಡಿ (ಎಂಜಿನ್ನಿನ ಮಾಹಿತಿಯನ್ನು ಫೋನಿಗೆ ಕೊಡುವ ಸಣ್ಣ ಸಾಧನ) ಸಿಕ್ಕಿಸಿ ಗಂಟೆಗೆ ಎಷ್ಟು ಲೀಟರ್ ಅಂತ ನೋಡುವವರು ಇನ್ನೊಂದು ವಿಷಯ ತಿಳಿದಿರಬೇಕು. ಕೆಲವು ಆ್ಯಪ್‌ಗಳು ಪೆಟ್ರೋಲನ್ನು ನೇರ ಅಳೆಯಲ್ಲ. ಎಂಜಿನ್ನಿಗೆ ಹೋಗುವ ಗಾಳಿಯ ತೂಕವನ್ನು 14.7ರಿಂದ ಭಾಗಿಸಿ ಪೆಟ್ರೋಲಿನ ತೂಕ ಊಹಿಸುತ್ತವೆ, ಆಮೇಲೆ ಲೀಟರ್ ಮಾಡುತ್ತವೆ. 14.7 ಅನ್ನೋದು ಎಥನಾಲ್ ಇಲ್ಲದ ಪೆಟ್ರೋಲಿನ ಅಂಕಿ. ನೂರಕ್ಕೆ 20 ಎಥನಾಲ್ ಇರುವುದಕ್ಕೆ ಅದು 13.5ರ ಸುತ್ತ ಬರುತ್ತದೆ. ನಿಂತಲ್ಲಿ ಸೆಕೆಂಡಿಗೆ 2.5 ಗ್ರಾಂ ಗಾಳಿ ಎಳೆಯುವ ಕಾರಿಗೆ ಆ್ಯಪ್ 0.83 ಲೀಟರ್ ತೋರಿಸಿದರೆ ನಿಜ 0.91ರ ಹತ್ತಿರ. ಸಾಂದ್ರತೆ ಸರಿ ಮಾಡುವ ಮೊದಲು ಈ ಅಂಕಿ ಬದಲಿಸಿ, ತಪ್ಪಿನ ದೊಡ್ಡ ಪಾಲು ಇಲ್ಲೇ ಇದೆ.

ವಸಂತನರಸಾಪುರ, ನರಸಾಪುರದಂಥ ಕಡೆ ಕಾರ್ಖಾನೆಯ ಟೆಸ್ಟ್ ಬೆಂಚಿಗೆ ಮೀಟರ್ ಆರಿಸುವವರಿಗೆ ಕೊರಿಯೊಲಿಸ್ ಮೀಟರ್ ಇದೆ. ಅಲುಗುವ ಕೊಳವೆಯಲ್ಲಿ ಹರಿಯುವ ಪೆಟ್ರೋಲಿನ ತೂಕ, ಸಾಂದ್ರತೆ ಎರಡನ್ನೂ ಅದೇ ಅಳೆಯುತ್ತದೆ, ಲೀಟರನ್ನೂ ಅದೇ ಹೇಳುತ್ತದೆ. ಬೆಲೆ ದೊಡ್ಡದು. ದಿನವಿಡೀ ಅಳೆಯುವ ಕೆಲಸ ಇದ್ದರೆ ಮಾತ್ರ.

ಕೊನೆಗೆ, ಪರಿವರ್ತನೆಯೇ ಬೇಡ ಅನ್ನುವ ದಾರಿಯೂ ಉಂಟು. ಜನರೇಟರ್ ಸಮತಟ್ಟು ಜಾಗದಲ್ಲಿಟ್ಟು ಟ್ಯಾಂಕ್ ಕತ್ತಿನ ಗುರುತಿನವರೆಗೆ ತುಂಬಿ. ನಿಜವಾಗಿ ಹಾಕುವ ಲೈಟು, ಮೈಕು ಎಲ್ಲ ಹಾಕಿ ಎರಡು ಗಂಟೆ ಓಡಿಸಿ. ಎಂಜಿನ್ ಆರಿಸಿ, ಪೂರ್ತಿ ತಣ್ಣಗಾದ ಮೇಲೆ ಅಳತೆ ಜಾರಿನಿಂದ ಮತ್ತೆ ಅದೇ ಗುರುತಿಗೆ ತುಂಬಿ. ಎಷ್ಟು ಹಿಡಿಯಿತೋ ಅದರ ಅರ್ಧ ನಿಮ್ಮ ಗಂಟೆಯ ಖರ್ಚು. ಪುಸ್ತಕದ 350 ಗ್ರಾಂ ಹೊಸ ಎಂಜಿನ್ನಿಗೆ, ಅದಕ್ಕೆ ಹೊಂದುವ ಹೊರೆಗೆ. ಹಳೆಯ ಎಂಜಿನ್, ಮಸಿ ಹಿಡಿದ ಪ್ಲಗ್, ಅರ್ಧ ಹೊರೆ ಇದ್ದರೆ ಅದು ನಿಲ್ಲಲ್ಲ. ಬಾಡಿಗೆ ಕೊಡುವವರಿಗೆ, ಜಾತ್ರೆಗೆ ಒಯ್ಯುವವರಿಗೆ ಇದಕ್ಕಿಂತ ನಂಬಿಕೆಯ ಅಂಕಿ ಇಲ್ಲ. ಇನ್ನೂ ಕೊಳ್ಳದ ಯಂತ್ರಕ್ಕೆ ಮಾತ್ರ ಇದು ಆಗಲ್ಲ, ಅಲ್ಲಿ 0.735ರ ಭಾಗಾಕಾರವೇ ಗತಿ.

ನಾನೀಗ ಎರಡನ್ನೂ ಮಾಡುತ್ತೇನೆ. ಹೊಸ ಯಂತ್ರ ಬಂದಾಗ ಭಾಗಾಕಾರ, ವಾರದೊಳಗೆ ಟ್ಯಾಂಕ್ ಪರೀಕ್ಷೆ. ಆ ಹಳೆಯ ಜನರೇಟರ್ ಪರೀಕ್ಷೆಯಲ್ಲಿ ಗಂಟೆಗೆ 1.6 ಲೀಟರ್ ಕುಡಿಯಿತು. ಟ್ಯಾಂಕಿನ ಪಕ್ಕದಲ್ಲಿ ಬಿಳಿ ಪೇಂಟಿನಿಂದ ಬರೆದಿದ್ದೇನೆ: ಹೊರೆ 3 ಕಿಲೋವ್ಯಾಟ್, ಗಂಟೆಗೆ 1.6, ಇಡೀ ರಾತ್ರಿ ಆಟಕ್ಕೆ 18 ಲೀಟರ್.